ಉತ್ತರ ಸಿಕ್ಕಿತು, ಕಾರಣ ಸಿಗಲಿಲ್ಲ: ಗೂಢ ಪದಬಂಧದ ಸುಳಿವನ್ನು ಬಿಡಿಸಿ ನೋಡುವುದು ಹೇಗೆ?

ಪ್ರಶ್ನೆ: ನಾನು ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತನಾದವನು. ಸಾಮಾನ್ಯ ಪದಬಂಧವನ್ನು ನೇರವಾಗಿ ಪೆನ್ನಿನಲ್ಲೇ ತುಂಬುತ್ತೇನೆ, ಅಳಿಸುವ ಪ್ರಮೇಯ ಬರುವುದು ಕಡಿಮೆ. ಆದರೆ ಕ್ರಿಪ್ಟಿಕ್ ಮಾದರಿಯ ಗೂಢ ಪದಬಂಧಕ್ಕೆ ಕೈ ಹಾಕಿದಾಗಿನಿಂದ ನನ್ನ ಬಗ್ಗೆ ನನಗೇ ಅನುಮಾನ ಬಂದಿದೆ. ಒಂದು ಗಂಟೆ ಕುಳಿತರೂ ನಾಲ್ಕು ಪದ ತುಂಬಿದರೆ ಹೆಚ್ಚು. ಅದಕ್ಕಿಂತ ಬೇಸರದ ಸಂಗತಿಯೆಂದರೆ, ಮರುದಿನ ಉತ್ತರ ನೋಡಿದ ಮೇಲೂ ಅದು ಹೇಗೆ ಬಂತು ಎಂಬುದು ಹೊಳೆಯುವುದಿಲ್ಲ. ಮೂರು ಸುಳಿವು ಕಳುಹಿಸುತ್ತಿದ್ದೇನೆ (ಆವರಣದಲ್ಲಿರುವುದು ಉತ್ತರದ ಅಕ್ಷರಗಳ ಸಂಖ್ಯೆ). ‘ಹೊಳೆ ಹಿಂದಕ್ಕೆ ಹರಿದ ದಿವಸ (2)’: ನಾನು ‘ದಿನ’ ಎಂದು ಬರೆದೆ, ಮುದ್ರಿತ ಉತ್ತರ ‘ನದಿ’. ‘ಮಗನ ಚೇಷ್ಟೆಯ ಮೇಲೆ ಲಕ್ಷ್ಯ (3)’: ಅಡ್ಡ ಅಕ್ಷರಗಳ (ಹಾದುಹೋಗುವ ಇತರ ಪದಗಳಿಂದ ಸಿಕ್ಕ ಅಕ್ಷರಗಳ) ಸಹಾಯದಿಂದ ‘ಗಮನ’ ಎಂದು ಊಹಿಸಿದೆ, ಸರಿಯಾಯಿತು, ಆದರೆ ಇದರಲ್ಲಿ ಮಗನಿಗೇನು ಕೆಲಸ? ‘ಕಣ್ಣೀರು ತರಿಸು, ಒರೆಸು (3)’: ಇದಂತೂ ತಲೆಬುಡ ತಿಳಿಯಲಿಲ್ಲ. ನನ್ನ ಪದಸಂಪತ್ತು ಸಾಲದೇ? ಅಥವಾ ಈ ವಯಸ್ಸಿಗೆ ಇದು ಒಗ್ಗದೇ? ಇದನ್ನು ಬಿಡಿಸುತ್ತಿದ್ದರೆ ಮರೆವಿನ ಕಾಯಿಲೆ ಬರುವುದಿಲ್ಲ ಎಂದು ಸ್ನೇಹಿತರು ಹುರಿದುಂಬಿಸುತ್ತಾರೆ. ಮಗಳು ಉತ್ತರ ಹುಡುಕಿಕೊಡುವ ಮೊಬೈಲ್ ಆ್ಯಪ್ ಹಾಕಿಕೊಟ್ಟಿದ್ದಾಳೆ. ಅದನ್ನು ಬಳಸಿದರೆ ಮೋಸವಾಗುತ್ತದೆಯೇ?

ಉತ್ತರ: ಮೊದಲು ‘ದಿನ’ದ ವ್ಯಾಜ್ಯವನ್ನು ತೀರಿಸಿಬಿಡೋಣ. ಅಲ್ಲಿ ನಿಮ್ಮ ತಪ್ಪೇನೂ ಇಲ್ಲ, ತಪ್ಪು ಸುಳಿವು ಬರೆದವರದು. ‘ಹೊಳೆ’ ಎಂದರೆ ನದಿ. ‘ನದಿ’ಯನ್ನು ಹಿಂದುಮುಂದಾಗಿ ಓದಿದರೆ ‘ದಿನ’. ಕೊನೆಯಲ್ಲಿರುವ ‘ದಿವಸ’ ಆ ಉತ್ತರದ ಅರ್ಥ. ಇದು ನಿಮ್ಮ ದಾರಿ, ಎಲ್ಲಿಯೂ ಮುಗ್ಗರಿಸುವುದಿಲ್ಲ. ಸುಳಿವುಕಾರರ ಮನಸ್ಸಿನಲ್ಲಿದ್ದ ದಾರಿ ಇದಕ್ಕೆ ತದ್ವಿರುದ್ಧ: ‘ದಿವಸ’ ಎಂದರೆ ದಿನ, ‘ಹಿಂದಕ್ಕೆ ಹರಿದ ದಿವಸ’ ಎಂದರೆ ‘ನದಿ’, ಆರಂಭದ ‘ಹೊಳೆ’ ಅದರ ಅರ್ಥ. ಇದೂ ಮುಗ್ಗರಿಸುವುದಿಲ್ಲ. ‘ಹಿಂದಕ್ಕೆ ಹರಿದ’ ಎಂಬ ಮಾತು ಎಡದ ಹೊಳೆಗೂ ಅಂಟುತ್ತದೆ, ಬಲದ ದಿವಸಕ್ಕೂ ಅಂಟುತ್ತದೆ. ಹೀಗೆ ಎರಡೂ ಕಡೆಗೆ ವಾಲುವ ಸುಳಿವನ್ನು ನಾನು ಸಂಪಾದಕನಾಗಿ ಕೂತಾಗ ವಾಪಸು ಕಳುಹಿಸುತ್ತೇನೆ. ‘ಹೊಳೆ ಹಿಂದಕ್ಕೆ ಹರಿದರೆ ದಿವಸ’ ಎಂದು ಒಂದು ಪ್ರತ್ಯಯ ಬದಲಿಸಿದ್ದರೆ ಸಾಕಿತ್ತು, ಉತ್ತರ ‘ದಿನ’ ಒಂದೇ ಆಗುತ್ತಿತ್ತು. ಅಡ್ಡ ಅಕ್ಷರ ನೋಡಿಕೊಂಡು ತೀರ್ಮಾನಿಸಲಿ ಎಂಬುದು ಕೆಲವರ ವಾದ. ನನಗದು ಒಪ್ಪಿಗೆಯಿಲ್ಲ. ಅಡ್ಡ ಅಕ್ಷರ ಇರುವುದು ಬಿಡಿಸುವವರ ಅನುಕೂಲಕ್ಕೆ, ಬರೆಯುವವರ ಸೋಮಾರಿತನ ಮುಚ್ಚುವುದಕ್ಕಲ್ಲ.

ಗಮನಿಸಬೇಕಾದ್ದೇನೆಂದರೆ, ಆ ಸುಳಿವನ್ನು ನೀವು ಸರಿಯಾಗಿಯೇ ಬಿಡಿಸಿದ್ದೀರಿ. ಅರ್ಥಕ್ಕೆ ಸಮಾನಪದ ಹುಡುಕಿ, ಅದನ್ನು ತಿರುಗಿಸಿ, ಇನ್ನೊಂದು ತುದಿಯಲ್ಲಿ ತಾಳೆ ನೋಡಿದ್ದೀರಿ. ಇಡೀ ವಿದ್ಯೆಯ ಸಾರವೇ ಅದು. ಎಡವಿದ್ದು ಉಳಿದೆರಡರಲ್ಲಿ, ಏಕೆಂದರೆ ಅವುಗಳನ್ನು ನೀವು ವಾಕ್ಯಗಳಾಗಿ ಓದಿದ್ದೀರಿ.

ಸಾಮಾನ್ಯ ಪದಬಂಧದ ಸುಳಿವಿಗೆ ಒಂದೇ ಬಾಗಿಲು: ಅರ್ಥ ಕೊಡುತ್ತಾರೆ, ಪದ ಹೇಳಬೇಕು. ಗೂಢ ಸುಳಿವಿಗೆ ಎರಡು ಬಾಗಿಲು. ಒಂದು ತುದಿಯಲ್ಲಿ ಉತ್ತರದ ಅರ್ಥ ಇರುತ್ತದೆ. ಉಳಿದ ಭಾಗದಲ್ಲಿ ಅದೇ ಉತ್ತರವನ್ನು ಅಕ್ಷರಗಳಿಂದ ಕಟ್ಟುವ ವಿಧಾನ ಇರುತ್ತದೆ. ಮೊದಲನೆಯದನ್ನು ಅರ್ಥಭಾಗ, ಎರಡನೆಯದನ್ನು ಆಟದ ಭಾಗ ಎಂದು ಕರೆಯೋಣ. ಅರ್ಥಭಾಗ ಆರಂಭದಲ್ಲಿ ಇರಬೇಕು ಇಲ್ಲವೇ ಕೊನೆಯಲ್ಲಿ ಇರಬೇಕು, ನಡುವೆ ಇರುವಂತಿಲ್ಲ. ಎರಡೂ ಬಾಗಿಲಿನಿಂದ ಹೊಕ್ಕು ಒಂದೇ ಕೋಣೆಯಲ್ಲಿ ನಿಂತರೆ ಉತ್ತರ ಖಚಿತ. ಎರಡನ್ನೂ ಸೇರಿಸಿ ಓದಿದಾಗ ಕಾಣುವ ಚಂದದ ಚಿತ್ರವಿದೆಯಲ್ಲ, ಅದು ಬರಿಯ ತೋರಿಕೆ. ಚೇಷ್ಟೆ ಮಾಡುವ ಮಗ, ಅವನ ಮೇಲೆ ಕಣ್ಣಿಟ್ಟ ತಂದೆ, ಇಬ್ಬರೂ ಅಲ್ಲಿ ಇಲ್ಲವೇ ಇಲ್ಲ.

‘ಮಗನ ಚೇಷ್ಟೆಯ ಮೇಲೆ ಲಕ್ಷ್ಯ’ವನ್ನು ಹೀಗೆ ಕತ್ತರಿಸಿ. ‘ಲಕ್ಷ್ಯ’ ಅರ್ಥಭಾಗ. ‘ಮಗನ’ ಎಂಬುದನ್ನು ಒಬ್ಬ ಹುಡುಗನೆಂದು ನೋಡದೆ ಮ, ಗ, ನ ಎಂಬ ಮೂರು ಬಿಡಿ ಅಕ್ಷರಗಳೆಂದು ನೋಡಿ. ಉತ್ತರದ ಉದ್ದವೂ ಮೂರೇ. ‘ಚೇಷ್ಟೆ’ ಎಂಬುದು ಆ ಅಕ್ಷರಗಳು ಚೇಷ್ಟೆ ಮಾಡುತ್ತಿವೆ, ಅಂದರೆ ಜಾಗ ಬದಲಿಸುತ್ತಿವೆ ಎಂಬ ಸೂಚನೆ. ಮ ಮತ್ತು ಗ ಅದಲುಬದಲಾದರೆ ‘ಗಮನ’. ‘ಮೇಲೆ’ ಎಂಬ ಪದದ ಜಾಣತನವನ್ನು ಮಾತ್ರ ಮೆಚ್ಚಬೇಕು: ತೋರಿಕೆಯಲ್ಲಿ ಅದು ‘ಮಗನ ಮೇಲೆ ಕಣ್ಣು’ ಎನ್ನುವಾಗಿನ ಮೇಲೆ, ಒಳಗೆ ಅದು ‘ಊಟದ ಮೇಲೆ ನಿದ್ದೆ’ ಎನ್ನುವಾಗಿನ ಮೇಲೆ, ಅಂದರೆ ಆನಂತರ. ಅಕ್ಷರಗಳ ಚೇಷ್ಟೆ ಮುಗಿದ ಮೇಲೆ ಲಕ್ಷ್ಯ ಸಿಗುತ್ತದೆ. ನೀವು ಊಹೆಯಿಂದ ಉತ್ತರ ಬರೆದಾಗ ಕಳೆದುಕೊಂಡಿದ್ದು ಇದನ್ನು.

ಮೂರನೆಯದರಲ್ಲಿ ಆಟದ ಭಾಗವೇ ಇಲ್ಲ, ಎರಡೂ ಕಡೆ ಅರ್ಥಗಳೇ. ಕಣ್ಣೀರು ತರಿಸು ಎಂದರೆ ಅಳಿಸು (ಅಳುವಂತೆ ಮಾಡು). ಒರೆಸು ಎಂದರೂ ಅಳಿಸು (ಇಲ್ಲವಾಗಿಸು). ಬೇರೆ ಬೇರೆ ಧಾತುಗಳಿಂದ ಹುಟ್ಟಿ ಒಂದೇ ರೂಪಕ್ಕೆ ಬಂದ ಎರಡು ಕ್ರಿಯಾಪದಗಳು. ಸುಳಿವು ತೀರಾ ಚಿಕ್ಕದಾಗಿದ್ದರೆ, ಅದರಲ್ಲೂ ಎರಡು ತುಂಡುಗಳು ಒಂದಕ್ಕೊಂದು ಸಂಬಂಧವಿರುವಂತೆ ನಟಿಸುತ್ತಿದ್ದರೆ, ಮೊದಲು ಈ ಅನುಮಾನ ಪಡಬೇಕು. ‘ಮೇಕೆ, ನುಡಿ! (2)’ ಎಂದಿದ್ದರೆ? ಮೇಕೆಗೆ ಮಾತು ಬರಿಸುವ ಕಷ್ಟ ಬೇಡ, ‘ಆಡು’ ಎಂದು ಬರೆದು ಮುಂದೆ ಹೋಗಿ.

ಹಾಗಾದರೆ ಪದಸಂಪತ್ತಿನ ಮಾತೇನು? ನಿಮ್ಮ ಮೂರು ಉತ್ತರಗಳನ್ನು ಮತ್ತೊಮ್ಮೆ ನೋಡಿ: ದಿನ, ಗಮನ, ಅಳಿಸು. ಶಾಲೆಯ ಮಗುವಿಗೂ ಗೊತ್ತಿರುವ ಪದಗಳು. ಗೂಢ ಪದಬಂಧಕ್ಕೆ ದೊಡ್ಡ ನಿಘಂಟನ್ನು ಬಾಯಿಪಾಠ ಮಾಡಿರಬೇಕು ಎಂಬುದು ನಾನು ಅತಿ ಹೆಚ್ಚು ಕೇಳುವ ತಪ್ಪುಕಲ್ಪನೆ. ನಿಜ ಹೇಳಬೇಕೆಂದರೆ ಅಪರೂಪದ ಪದಗಳ ಕಾಟ ಸಾಮಾನ್ಯ ಪದಬಂಧದಲ್ಲೇ ಜಾಸ್ತಿ. ಅಲ್ಲಿ ಪದ ಗೊತ್ತಿಲ್ಲದಿದ್ದರೆ ಬೇರೆ ದಾರಿಯೇ ಇಲ್ಲ. ಇಲ್ಲಿ ಪದ ಗೊತ್ತಿರದಿದ್ದರೂ ಅಕ್ಷರಗಳಿಂದ ಕಟ್ಟಿಕೊಂಡು ಹೋಗಿ ಆಮೇಲೆ ನಿಘಂಟಿನಲ್ಲಿ ಖಚಿತಪಡಿಸಿಕೊಳ್ಳಬಹುದು. ಬೇಕಾಗುವುದು ಒಂದು ಪದಕ್ಕೆ ಎಷ್ಟು ಮುಖಗಳಿವೆ ಎಂದು ತಿರುಗಿಸಿ ನೋಡುವ ಚಪಲ. ಲೆಕ್ಕಪತ್ರದಲ್ಲಿ ಕೆಲಸ ಮಾಡಿದವರು ಈ ವಿಷಯದಲ್ಲಿ ಹಿಂದೆ ಬೀಳುವುದನ್ನು ನಾನು ಕಂಡಿಲ್ಲ. ಎರಡು ಕಡೆಯ ಮೊತ್ತ ತಾಳೆಯಾಗುವವರೆಗೆ ಬಿಡದ ಹಟ ಅವರಲ್ಲಿ ಮೊದಲೇ ಇರುತ್ತದೆ.

ಇದು ಮಹಾಬುದ್ಧಿವಂತರ ಆಟ ಎಂಬ ಇನ್ನೊಂದು ಕೀರ್ತಿಗೆ ಒಂದು ಚರಿತ್ರೆಯೂ ಇದೆ. 1942ರ ಜನವರಿಯಲ್ಲಿ ಲಂಡನ್ನಿನ ಡೈಲಿ ಟೆಲಿಗ್ರಾಫ್ ಪತ್ರಿಕೆ 12 ನಿಮಿಷದೊಳಗೆ ಪದಬಂಧ ಬಿಡಿಸುವ ಸ್ಪರ್ಧೆ ನಡೆಸಿತು. ಭಾಗವಹಿಸಿದ ಕೆಲವರಿಗೆ ಆಮೇಲೆ ಗುಟ್ಟಾಗಿ ಕರೆ ಬಂದು, ಅವರು ಶತ್ರುಗಳ ರಹಸ್ಯ ಸಂಕೇತಗಳನ್ನು ಭೇದಿಸುವ ಬ್ಲೆಚ್ಲಿ ಪಾರ್ಕ್ ಸೇರಿದರು. ಕಥೆ ನಿಜ. ಆದರೆ ಅದರಿಂದ ತೆಗೆಯುವ ತೀರ್ಮಾನ ತಲೆಕೆಳಗು. ಕರೆ ಕಳುಹಿಸಿದವರು ಆಯ್ದುಕೊಂಡದ್ದು ಆ ಆಟದಲ್ಲಿ ಆಗಲೇ ಪಳಗಿದ್ದವರನ್ನು. ನಿಯಮ ತಿಳಿಯದ ಮೇಧಾವಿಯ ಮುಂದೆ ಗೂಢ ಪದಬಂಧ ಇಟ್ಟರೆ ಅವರೂ ನಿಮ್ಮಂತೆಯೇ ಮಗನಿಗೇನು ಕೆಲಸ ಎಂದು ಕೇಳುತ್ತಾರೆ.

ಮರೆವಿನ ಕಾಯಿಲೆಯ ಬಗ್ಗೆ ನಾನು ಹೆಚ್ಚು ಮಾತಾಡಬಾರದು, ನಾನು ವೈದ್ಯನಲ್ಲ. 2022ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಸೌಮ್ಯ ಪ್ರಮಾಣದ ಮರೆವಿರುವ 107 ಮಂದಿ 78 ವಾರಗಳ ಕಾಲ ಪದಬಂಧ ಅಥವಾ ಕಂಪ್ಯೂಟರ್ ಆಟಗಳಲ್ಲಿ ತೊಡಗಿದ್ದರು. ಪದಬಂಧದ ಗುಂಪಿನ ಫಲಿತಾಂಶ ಸ್ವಲ್ಪ ಉತ್ತಮವಾಗಿತ್ತು. ಆದರೆ ಎರಡನ್ನೂ ಆಡದ ಮೂರನೆಯ ಗುಂಪು ಆ ಅಧ್ಯಯನದಲ್ಲಿ ಇರಲಿಲ್ಲ. ‘ಕಾಯಿಲೆ ಬರುವುದೇ ಇಲ್ಲ’ ಎಂಬ ಸ್ನೇಹಿತರ ಭರವಸೆಗೆ ಅಷ್ಟು ಆಧಾರ ಸಾಲದು. ಖುಷಿ ಸಿಗುತ್ತಿದ್ದರೆ ಬಿಡಿಸಿ. ಔಷಧಿಯೆಂದು ನುಂಗಬೇಡಿ.

ಈಗ ನಿಮ್ಮ ಪ್ರಶ್ನೆಯ ಒಳಗಿನ ಪ್ರಶ್ನೆಗೆ ಬರೋಣ: ಬೇಕೆಂದೇ ದಾರಿ ತಪ್ಪಿಸುವ ವಾಕ್ಯವನ್ನು ನಂಬುವುದಾದರೂ ಹೇಗೆ? ನಂಬಬಹುದು, ಏಕೆಂದರೆ ಈ ಮೋಸಕ್ಕೂ ಕಟ್ಟಳೆ ಇದೆ. ಪದಬಂಧ ಎಂಬ ಆಟ ಹುಟ್ಟಿದ್ದು 1913ರ ಡಿಸೆಂಬರ್ 21ರಂದು, ಆರ್ಥರ್ ವಿನ್ ಎಂಬವರು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಗೆ ಮಾಡಿಕೊಟ್ಟ ವಜ್ರಾಕೃತಿಯ ಒಗಟಿನಿಂದ. ಅದಕ್ಕೆ ಗೂಢತೆ ಸೇರಿದ್ದು ಇಂಗ್ಲೆಂಡಿನಲ್ಲಿ. 1926ರಿಂದ ಅಬ್ಸರ್ವರ್ ಪತ್ರಿಕೆಯಲ್ಲಿ ಟಾರ್ಕ್ವೆಮಾಡ ಎಂಬ ಗುಪ್ತನಾಮದ ಎಡ್ವರ್ಡ್ ಪೋವಿಸ್ ಮ್ಯಾದರ್ಸ್ ಅದ್ಭುತವಾಗಿ ಪೀಡಿಸಿದರು. ಅವರಿಗೆ ನಿಯಮಗಳ ಹಂಗು ಅಷ್ಟಾಗಿ ಇರಲಿಲ್ಲ. 1939ರಲ್ಲಿ ಅವರ ಜಾಗಕ್ಕೆ ಬಂದ ಡೆರಿಕ್ ಮ್ಯಾಕ್‌ನಟ್ ‘ಜಿಮೆನೆಸ್’ ಎಂಬ ಹೆಸರಿನಲ್ಲಿ ನ್ಯಾಯದ ಚೌಕಟ್ಟು ಹಾಕಿದರು. ಆಫ್ರಿಟ್ ಎಂಬ ಮತ್ತೊಬ್ಬ ರಚನಕಾರರು 1949ರಲ್ಲಿ ಹೇಳಿದ ಮಾತಿನ ತಾತ್ಪರ್ಯ ಇಂದಿಗೂ ನಮ್ಮ ಕಸುಬಿನ ಪ್ರಮಾಣವಚನ: ಸುಳಿವುಕಾರನ ಮಾತು ಮೇಲ್ನೋಟಕ್ಕೆ ತೋರುವ ಅರ್ಥವನ್ನೇ ಕೊಡಬೇಕೆಂದಿಲ್ಲ, ಆದರೆ ಅವನ ಮನಸ್ಸಿನಲ್ಲಿರುವುದು ಆ ಮಾತಿನಲ್ಲಿ ಇರಲೇಬೇಕು. ಜಿಮೆನೆಸ್ ಪರಂಪರೆಯವರು ಕೇಳುವುದೂ ಇಷ್ಟೇ: ನಿಖರವಾದ ಅರ್ಥ, ನ್ಯಾಯವಾದ ಆಟ, ಬೇರೇನೂ ಇರಕೂಡದು. ಆ ‘ಬೇರೇನೂ ಇರಕೂಡದು’ ಎಂಬುದೇ ಬಿಡಿಸುವವರ ಆಸ್ತಿ. ಸುಳಿವಿನ ಪ್ರತಿಯೊಂದು ಪದಕ್ಕೂ ಕೆಲಸವಿದೆ. ನಿಮ್ಮ ವಿವರಣೆಯಲ್ಲಿ ಒಂದು ಪದ ನಿರುದ್ಯೋಗಿಯಾಗಿ ಉಳಿದರೆ ಉತ್ತರ ಇನ್ನೂ ಅನುಮಾನಾಸ್ಪದ.

(ಟಾರ್ಕ್ವೆಮಾಡ, ಜಿಮೆನೆಸ್ ಎಂಬವು ಚಿತ್ರಹಿಂಸೆಗೆ ಹೆಸರಾದ ಸ್ಪೇನಿನ ಧಾರ್ಮಿಕ ವಿಚಾರಣೆಯ ಅಧಿಕಾರಿಗಳ ಹೆಸರುಗಳು. 1972ರಿಂದ ಅದೇ ಸ್ಥಾನದಲ್ಲಿ ಬರೆದವರು ಡೆಜಾ ಎಂಬ ಅಧಿಕಾರಿಯ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ತಿರುಗಿಸಿ ‘ಅಜೆಡ್’ ಎಂದು ಕರೆದುಕೊಂಡರು. ಹೆಸರಿನಲ್ಲೂ ಆಟ ಬಿಡಲಿಲ್ಲ.)

ಆಟದ ಭಾಗದ ಬಗೆಗಳು ಕೈಬೆರಳೆಣಿಕೆಗಿಂತ ಬಹಳ ಹೆಚ್ಚೇನಿಲ್ಲ. ನಮ್ಮ ಕಾವ್ಯಪರಂಪರೆಯಲ್ಲಿ ಪಳಗಿದವರಿಗೆ ಇವು ಹೊಸವೂ ಅಲ್ಲ. ಸಂಸ್ಕೃತದ ಕಾವ್ಯಮೀಮಾಂಸಕ ದಂಡಿ ಪ್ರಹೇಲಿಕೆಯ, ಅಂದರೆ ಒಗಟಿನ, 16 ಬಗೆಗಳನ್ನು ಪಟ್ಟಿ ಮಾಡಿದ್ದಾನೆ. ‘ಅಳಿಸು’ ಪದವನ್ನು ಮುರಿಯದೆಯೇ ಎರಡರ್ಥ ತೆಗೆಯುವ ಅಭಂಗಶ್ಲೇಷಕ್ಕೆ ಹತ್ತಿರ. ಪದವನ್ನು ಮುರಿದು ಬೇರೆ ಅರ್ಥ ತೆಗೆಯುವ ಸಭಂಗಶ್ಲೇಷಕ್ಕೆ ಉದಾಹರಣೆ ಬೇಕಿದ್ದರೆ ಇದನ್ನು ನೋಡಿ: ‘ಮಂಡೆ ವಿಕ್ರಯಿಸು ಎನ್ನುವ ಪೀಳಿಗೆ (4)’. ಮಂಡೆ ಎಂದರೆ ತಲೆ, ವಿಕ್ರಯಿಸು ಎಂದರೆ ಮಾರು, ಪೀಳಿಗೆ ಎಂದರೆ ತಲೆಮಾರು. ಇಲ್ಲಿ ‘ಮಂಡೆಯನ್ನು’ ಎಂದು ಬರೆಯದೆ ತಪ್ಪಿಸಿಕೊಂಡಿರುವುದನ್ನು ಗಮನಿಸಿ. ನಿರ್ಜೀವ ವಸ್ತುವಿಗೆ ‘ಅನ್ನು’ ಪ್ರತ್ಯಯ ಕೈಬಿಟ್ಟರೂ ವಾಕ್ಯ ಸರಿಯೇ. ಸುಳಿವುಕಾರರ ಪಾಲಿಗೆ ಇದು ವರ.

ಕನ್ನಡದ ಗೂಢ ಸುಳಿವಿಗೆ ಬೇರೆ ಕೆಲವು ಮರ್ಮಗಳೂ ಇವೆ. ಇಂಗ್ಲಿಷಿನ ಕೈಪಿಡಿ ಓದಿ ಇಲ್ಲಿಗೆ ಬಂದವರು ಇವನ್ನು ಗಮನಿಸದೆ ಪರದಾಡುತ್ತಾರೆ. ಮುಖ್ಯವಾದುದು ಸೂಚನೆ ಪ್ರತ್ಯಯದಲ್ಲಿ ಅಡಗಿರುವುದು. ‘ಅರಸ ಮಯನಲ್ಲಿ ಕಾಲ (3)’ ಎಂದರೆ ಪುರಾಣದ ಮಯನೂ ಅಲ್ಲ, ಯಮನೂ ಅಲ್ಲ. ‘ಅಲ್ಲಿ’ ಎಂಬ ಸಪ್ತಮಿ ವಿಭಕ್ತಿಯೇ ‘ಒಳಗೆ ನೋಡಿ’ ಎಂಬ ಆದೇಶ. ಅರ-ಸಮಯ-ನ: ‘ಅರಸ’ದ ಕೊನೆಯ ಅಕ್ಷರದಿಂದ ಓದಿಕೊಂಡು ಹೋದರೆ ‘ಸಮಯ’ ಹೊಟ್ಟೆಯೊಳಗೆ ಮಲಗಿದೆ. ಬಟ್ಟೆಯ ಬಣ್ಣ ನೋಡಿ ಮರುಳಾಗದೆ ಹೊಲಿಗೆ ಎಲ್ಲಿದೆ ಎಂದು ತಡಕುವ ದರ್ಜಿಯಂತೆ ಪದ ಮತ್ತು ಪ್ರತ್ಯಯ ಸೇರುವ ಜಾಗದಲ್ಲಿ ಕೈಯಾಡಿಸಿ.

ಎರಡನೆಯದು, ಎಣಿಕೆ. ಆವರಣದ ಸಂಖ್ಯೆ ಮನೆಗಳ ಲೆಕ್ಕ, ಒಂದು ಮನೆಗೆ ಒಂದು ಪೂರ್ಣಾಕ್ಷರ. ಕಾಗುಣಿತ, ಒತ್ತು, ಅನುಸ್ವಾರ ಎಲ್ಲವೂ ತಮ್ಮ ಅಕ್ಷರದ ಜೊತೆಗೇ ಪ್ರಯಾಣ ಮಾಡುತ್ತವೆ. ಅಕ್ಷರಗಳನ್ನು ಕಲಸಿದಾಗ ‘ಸ್ಸು’ ಎಂಬುದು ‘ಸ್ಸು’ವಾಗಿಯೇ ಹೊಸ ಜಾಗಕ್ಕೆ ಹೋಗಬೇಕು, ಬಿಡಿಯಾಗಿ ಅಲ್ಲ. ಹೀಗಾಗಿ ಕನ್ನಡದಲ್ಲಿ ಕಲಸಲು ಒದಗುವ ಪದಗಳು ಕಡಿಮೆ, ಒದಗಿದವು ಬಹುಪಾಲು ಗುಣಿತವಿಲ್ಲದ ಮೂರು ಅಕ್ಷರದವು. ಇದು ನಿಮಗೆ ಲಾಭ. ‘ಕಮಲ’, ‘ರಮಣ’, ‘ನಗರ’ದಂತಹ ಬೋಳು ಅಕ್ಷರಗಳ ಪದ ಕಂಡರೆ, ಪಕ್ಕದಲ್ಲಿ ಗಲಿಬಿಲಿ, ಕುಡಿತ, ಕುಣಿತ, ರಿಪೇರಿ, ಚೇಷ್ಟೆ ಇಂತಹದೇನಾದರೂ ಇದೆಯೇ ಎಂದು ನೋಡಿ.

ಮೂರನೆಯದು, ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರದ ಭೇದವಿಲ್ಲ. ಕಿರಣ, ಸಾಗರ, ಕಮಲ, ರವಿ: ಇವರು ಮನುಷ್ಯರೋ ವಸ್ತುಗಳೋ ಎಂದು ಹೇಳುವ ಗುರುತೇ ಇಲ್ಲ. ಇಂಗ್ಲಿಷಿನಲ್ಲಿ ಸುಳಿವುಕಾರರು ಸಾಮಾನ್ಯ ಪದಕ್ಕೆ ಸುಳ್ಳು ದೊಡ್ಡಕ್ಷರ ತೊಡಿಸಬಹುದು, ಆದರೆ ಅಂಕಿತನಾಮದ ದೊಡ್ಡಕ್ಷರವನ್ನು ಕಿತ್ತುಹಾಕುವಂತಿಲ್ಲ ಎಂಬ ಕಟ್ಟುನಿಟ್ಟಿದೆ. ಇಲ್ಲಿ ಆ ಕಾವಲುಗಾರನೇ ಇಲ್ಲ. ಬದಲಿಗೆ ಅಲ್ಲಿ ಯಥೇಚ್ಛವಾಗಿರುವ ಉಚ್ಚಾರಣೆಯ ಆಟ ಇಲ್ಲಿ ಹೆಚ್ಚುಕಡಿಮೆ ಇಲ್ಲ. ಬರೆದಂತೆ ಓದುವ ಭಾಷೆಯಲ್ಲಿ ‘ಕೇಳಿದರೆ ಒಂದು, ಬರೆದರೆ ಒಂದು’ ಎಂಬುದಕ್ಕೆ ಎಡೆ ಎಲ್ಲಿ?

ಒಂದು ಸುಳಿವನ್ನು ನಿಧಾನವಾಗಿ ಬಿಡಿಸೋಣ, ನಾನು ಮನಸ್ಸಿನಲ್ಲಿ ಎಡವುವುದನ್ನೂ ಸೇರಿಸಿ. ‘ಮೊದಲ ಸ್ವರ ನುಂಗಿದ ಆಣಿ ನೀರಿನ ಬೇಟೆಗಾರ (3)’. ತೋರಿಕೆಯ ಚಿತ್ರ ಅಸಂಬದ್ಧ, ಒಳ್ಳೆಯದು, ಮೋಹಕ್ಕೆ ಬೀಳುವ ಅಪಾಯವಿಲ್ಲ. ಅರ್ಥಭಾಗ ಯಾವ ತುದಿಯಲ್ಲಿ? ‘ನೀರಿನ ಬೇಟೆಗಾರ’ ಒಂದು ವಸ್ತುವಿನಂತೆ ಕೇಳಿಸುತ್ತದೆ. ಮೀನುಗಾರ, ಬೆಸ್ತ, ಕೊಕ್ಕರೆ, ಮೊಸಳೆ, ಬಲೆ ಎಂದು ಪದಗಳು ಬರತೊಡಗುತ್ತವೆ. ಯಾವುದಕ್ಕೂ ಅಂಟಿಕೊಳ್ಳುವುದಿಲ್ಲ. ‘ನುಂಗಿದ’ ಎಂದರೆ ಒಂದರ ಹೊಟ್ಟೆಯಲ್ಲಿ ಇನ್ನೊಂದು. ಯಾರು ಯಾರನ್ನು ನುಂಗಿದರು? ಕನ್ನಡದ ಕೃದಂತದಲ್ಲಿ ಈ ಗೊಂದಲ ಸಹಜ: ‘ಸ್ವರವನ್ನು ನುಂಗಿದ ಆಣಿ’ಯೂ ಆಗಬಹುದು, ‘ಸ್ವರವು ನುಂಗಿದ ಆಣಿ’ಯೂ ಆಗಬಹುದು. ಆದರೆ ಸ್ವರ ಒಂದೇ ಅಕ್ಷರವಿದ್ದೀತು, ಒಂದಕ್ಷರದ ಹೊಟ್ಟೆಯಲ್ಲಿ ಏನೂ ಹಿಡಿಸದು. ಹಾಗಾಗಿ ನುಂಗಿದ್ದು ಆಣಿಯೇ. ಮೊದಲ ಸ್ವರ ಅಂದರೆ ‘ಅ’. ‘ಅ’ ಪದದ ನಡುವೆ ಕೂರುವುದುಂಟೇ? ಕನ್ನಡದಲ್ಲಿ ಸ್ವರಾಕ್ಷರ ಪದದ ಮಧ್ಯೆ ಬರುವುದು ತೀರಾ ವಿರಳ. ಇಲ್ಲಿ ಎಲ್ಲೋ ಬೇರೆ ಸ್ವರವಿದೆ. ಸಂಗೀತದ ಮೊದಲ ಸ್ವರ ‘ಸ’. ಮೂರರಲ್ಲಿ ಒಂದು ಹೋದರೆ ಉಳಿದದ್ದು ಎರಡು, ಆಣಿ ಎಂಬ ಅರ್ಥದ ಎರಡಕ್ಷರದ ಪದ: ಮೊಳೆ. ಮೊ-ಸ-ಳೆ. ನೀರಿನ ಬೇಟೆಗಾರ ಸಿಕ್ಕಿಬಿದ್ದ. ಒಂದೊಂದು ಪದಕ್ಕೂ ಕೆಲಸ ಸಿಕ್ಕಿತು, ಯಾರೂ ನಿರುದ್ಯೋಗಿಗಳಿಲ್ಲ.

ಆರಂಭದಲ್ಲಿಯೇ ‘ಮೊಸಳೆ’ ಮನಸ್ಸಿಗೆ ಬಂದಿತ್ತು, ನೋಡಿದಿರಾ? ಹಾಗೆ ಬಂದಾಗ ಬರೆದು ಮುಂದೆ ಹೋಗಬಹುದಿತ್ತು. ಆದರೆ ‘ಕೊಕ್ಕರೆ’ಯೂ ಮೂರೇ ಅಕ್ಷರ. ಬರಿಯ ಅರ್ಥದಿಂದ ಹೋದರೆ ಇವೆರಡರಲ್ಲಿ ಯಾವುದೆಂದು ಹೇಳಲು ಸಾಧ್ಯವೇ ಇಲ್ಲ. ಆಟದ ಭಾಗ ಒಂದರಿಂದಲೇ ಹೋದರೂ ಅಷ್ಟೇ. ‘ತಲೆ ಉರುಳಿದ ಯುದ್ಧದಲ್ಲಿ ಉಳಿದದ್ದು ವೃಕ್ಷ (2)’ ಎಂಬಲ್ಲಿ ಯುದ್ಧಕ್ಕೆ ‘ಕದನ’ ಎಂದು ಹಿಡಿದರೆ ತಲೆ ಹೋಗಿ ‘ದನ’ ಉಳಿಯುತ್ತದೆ, ಅದು ವೃಕ್ಷವಲ್ಲ. ‘ಸಮರ’ ಎಂದು ಹಿಡಿದರೆ ‘ಮರ’.

ಆಟದ ಭಾಗವೇ ಇಲ್ಲದೆ ಇಡೀ ಸುಳಿವು ಒಂದು ವಕ್ರ ಅರ್ಥವಾಗಿರುವ ಬಗೆಯೂ ಒಂದಿದೆ: ‘ತುಂಬಿದಾಗ ಕೆಲಸ ಬಿಡಿಸುವುದು (3)’, ಉತ್ತರ ‘ವಯಸ್ಸು’. ನಿವೃತ್ತರಾದ ನಿಮಗೆ ಇದನ್ನು ವಿವರಿಸಬೇಕಿಲ್ಲ. ಇಂತಹವುಗಳ ಕೊನೆಯಲ್ಲಿ ಹೆಚ್ಚಾಗಿ ಪ್ರಶ್ನಾರ್ಥಕ ಚಿಹ್ನೆ ಇರುತ್ತದೆ. ಆಡಂಬರ ಜಾಸ್ತಿ, ಆಧಾರ ಕಡಿಮೆ; ನನಗೆ ಅಷ್ಟು ಪ್ರೀತಿಯಿಲ್ಲ.

ಮುಂದೆ ಇಂಗ್ಲಿಷ್ ಕ್ರಿಪ್ಟಿಕ್ ಕಡೆಗೂ ಹೋಗುವ ಆಸೆಯಿದ್ದರೆ ಅಲ್ಲಿನ ಒಂದು ಹೆಚ್ಚುವರಿ ಹೊರೆ ತಿಳಿದಿರಲಿ: ಸಂಕ್ಷೇಪಗಳು. ವೈದ್ಯ ಎಂದರೆ ‘ಡಿಆರ್’, ‘ಎಂಒ’ ಅಥವಾ ‘ಜಿಪಿ’. ನಾವಿಕ ಎಂದರೆ ‘ಎಬಿ’. ‘ಫ್ಲವರ್’ ಎಂದಿದ್ದರೆ ಹೂವಿನ ಬದಲು ‘ಫ್ಲೋ ಆಗುವಂಥದ್ದು’, ಅಂದರೆ ಯಾವುದೋ ನದಿಯ ಹೆಸರು ಇರಬಹುದು. ಇವು ಜಾಣ್ಮೆಯಿಂದ ಬರುವುದಲ್ಲ, ರೂಢಿಯಿಂದ ಬರುವುದು. ಗೊತ್ತಿಲ್ಲದ್ದಕ್ಕೆ ನಾಚಿಕೊಳ್ಳಬೇಕಿಲ್ಲ.

ಇನ್ನು ಆ್ಯಪ್ ವಿಚಾರ. ಮೋಸ ಎಂಬ ಪದ ಸ್ಪರ್ಧೆಗೆ ಸರಿ, ಮನೆಯಲ್ಲಿ ಒಬ್ಬರೇ ಕೂತು ಬಿಡಿಸುವಾಗ ಯಾರಿಗೆ ಮೋಸ? ನನ್ನ ಆಕ್ಷೇಪ ಬೇರೆ. ಇಂತಹ ಆ್ಯಪ್‌ಗಳಲ್ಲಿ ಬಹುಪಾಲು ಅಡ್ಡ ಅಕ್ಷರಗಳ ವಿನ್ಯಾಸಕ್ಕೆ ಹೊಂದುವ ಪದಗಳನ್ನು ಸಾಲಾಗಿ ಕೊಡುತ್ತವೆ. ‘ಗಮನ’ದ ಕೊನೆಯ ಎರಡು ಅಕ್ಷರ ಗೊತ್ತಿದೆ ಎನ್ನಿ: ಗಮನ, ದಮನ, ಶಮನ, ವಮನ ಎಲ್ಲವೂ ಬರುತ್ತವೆ. ನೀವು ಅರ್ಥ ನೋಡಿ ಒಂದನ್ನು ಆರಿಸುತ್ತೀರಿ. ಅಷ್ಟರಲ್ಲಿ ಗೂಢ ಪದಬಂಧ ಸಾಮಾನ್ಯ ಪದಬಂಧವಾಗಿ ಮಾರ್ಪಟ್ಟಿತು. ಅದು ನಿಮಗೆ ಮೊದಲೇ ಬರುತ್ತಿತ್ತು. ಸಮಾನಪದಗಳ ನಿಘಂಟು ಇಟ್ಟುಕೊಳ್ಳುವುದನ್ನು ಮಾತ್ರ ನಾನು ಧಾರಾಳವಾಗಿ ಒಪ್ಪುತ್ತೇನೆ. ‘ಆಣಿ’ಯಿಂದ ‘ಮೊಳೆ’ಗೆ ಹೋಗಲು ನಿಘಂಟು ನೆರವಾದರೂ ‘ಸ’ವನ್ನು ಎಲ್ಲಿ ಇಡಬೇಕೆಂದು ನೀವೇ ಯೋಚಿಸಬೇಕು.

ಊಹಿಸಿ ತುಂಬುವುದು ತಪ್ಪಲ್ಲ, ಪಳಗಿದವರೂ ಮಾಡುತ್ತಾರೆ. ಅಪಾಯವೇನೆಂದರೆ ಒಂದು ತಪ್ಪು ಊಹೆ ನಾಲ್ಕು ಅಡ್ಡ ಪದಗಳನ್ನು ಕೆಡಿಸುತ್ತದೆ, ಕನ್ನಡದಲ್ಲಿ ಒಂದು ಮನೆಗೆ ಇಡೀ ಅಕ್ಷರ ಕೂರುವುದರಿಂದ ಕೆಡುಕು ಇನ್ನೂ ಪೂರ್ತಿಯಾಗಿ ಆಗುತ್ತದೆ. ಊಹೆಯ ಉತ್ತರವನ್ನು ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಅಭಿಮಾನವನ್ನು ಸ್ವಲ್ಪ ಕಾಲ ಬದಿಗಿಡಿ.

ನಿಮ್ಮ ಈಗಿನ ಹಂತಕ್ಕೆ ನಾನು ಹೇಳುವ ದಾರಿ ಹಿಂದಿನಿಂದ ಮುಂದಕ್ಕೆ ಹೋಗುವುದು. ಸುಳಿವನ್ನೂ ಉತ್ತರವನ್ನೂ ಒಟ್ಟಿಗೆ ಮುಂದಿಟ್ಟುಕೊಳ್ಳಿ, ಪದಬಂಧ ತುಂಬುವ ಗೊಡವೆ ಬೇಡ. ಅರ್ಥಭಾಗದ ಕೆಳಗೆ ಗೆರೆ ಎಳೆಯಿರಿ. ಸೂಚಕ ಪದಕ್ಕೆ (‘ಚೇಷ್ಟೆ’, ‘ನುಂಗಿದ’ ಇಂತಹದಕ್ಕೆ) ವೃತ್ತ ಹಾಕಿ. ಉಳಿದ ಪದಗಳ ಮೇಲೆ ಅವು ಕೊಡುವ ಅಕ್ಷರಗಳನ್ನು ಬರೆಯಿರಿ. ಯಾವ ಪದ ಬರಿದಾಗಿ ಉಳಿಯಿತೋ ಅದರ ಪಕ್ಕ ಪ್ರಶ್ನೆಯ ಗುರುತು. ದಿನಕ್ಕೆ ಐದಾರು ಸುಳಿವು ಸಾಕು. ಈ ದಾರಿಗೂ ಒಂದು ಅಪಾಯವಿದೆ: ಉತ್ತರ ಗೊತ್ತಿರುವಾಗ ಎಲ್ಲವೂ ಸುಲಭವಾಗಿ ಕಾಣುತ್ತದೆ, ‘ಹೌದಲ್ಲ’ ಎಂದು ಪುಟ ತಿರುಗಿಸುವ ಮನಸ್ಸಾಗುತ್ತದೆ. ಆದ್ದರಿಂದ ಮನಸ್ಸಿನಲ್ಲಿ ಒಪ್ಪಿಕೊಂಡರೆ ಸಾಲದು, ಬರೆಯಲೇಬೇಕು. ಇನ್ನೊಬ್ಬರಿಗೆ ಓದಿ ವಿವರಿಸಿದರೆ ಇನ್ನೂ ಒಳ್ಳೆಯದು. ವಿವರಣೆ ತಡವರಿಸಿದ ಜಾಗದಲ್ಲೇ ನಿಮಗೆ ತಿಳಿಯದ್ದು ಇರುತ್ತದೆ. ಒಮ್ಮೊಮ್ಮೆ, ‘ಹೊಳೆ’ಯ ಸುಳಿವಿನಂತೆ, ಅಲ್ಲಿ ಸುಳಿವುಕಾರರಿಗೇ ತಿಳಿಯದ್ದೂ ಇರುತ್ತದೆ. ಮುದ್ರಿತ ಉತ್ತರ ಶಾಸನವಲ್ಲ. ಅಚ್ಚಿನ ದೋಷ, ಅವಸರ, ಅಜಾಗರೂಕತೆ ಎಲ್ಲವೂ ನಮ್ಮಲ್ಲಿವೆ. ಆದರೆ ವಿವರಣೆ ಹೊಳೆಯದಿದ್ದಾಗಲೆಲ್ಲ ಸುಳಿವೇ ತಪ್ಪು ಎಂದು ಷರಾ ಬರೆಯುವ ಚಟಕ್ಕೂ ಬೀಳಬೇಡಿ. ಒಂದು ರಾತ್ರಿ ಬಿಟ್ಟು ಮರುದಿನ ನೋಡಿದರೆ ಎಷ್ಟೋ ಸುಳಿವುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ; ಮೊದಲ ದಿನದ ತಪ್ಪು ಓದು ಅಷ್ಟರಲ್ಲಿ ಮಾಸಿರುತ್ತದೆ.

ಸ್ವಲ್ಪ ಧೈರ್ಯ ಬಂದ ಮೇಲೆ ನೀವೇ ಒಂದೆರಡು ಸುಳಿವು ಬರೆದು ನೋಡಿ. ಬಿಡಿಸುವುದನ್ನು ಇಷ್ಟು ಬೇಗ ಕಲಿಸುವ ಉಪಾಯ ಇನ್ನೊಂದಿಲ್ಲ ಎಂಬುದು ನನ್ನ ಅನುಭವ. ‘ರಸ’ ತಿರುಗಿದರೆ ‘ಸರ’, ‘ವನ’ ತಿರುಗಿದರೆ ‘ನವ’: ಇಂತಹ ಜೋಡಿಗಳನ್ನು ಹಿಡಿದು ವಾಕ್ಯ ಕಟ್ಟಲು ಹೊರಟಾಗ, ಎಲ್ಲಿ ಮರೆಮಾಚಬಹುದು, ಎಲ್ಲಿ ಮಾಚಿದರೆ ಅನ್ಯಾಯ ಎಂಬುದು ಕೈಗೆ ಗೊತ್ತಾಗುತ್ತದೆ. ಅಡ್ಡಪರಿಣಾಮ ಒಂದೇ: ಬಸ್ಸಿನ ಫಲಕವನ್ನೂ ಮದುವೆಯ ಕರೆಯೋಲೆಯನ್ನೂ ಅಕ್ಷರ ಬಿಡಿಸಿ ಓದತೊಡಗುತ್ತೀರಿ. ಮನೆಯವರು ಸಹಿಸಿಕೊಳ್ಳಬೇಕಾಗುತ್ತದೆ.

ಅಭ್ಯಾಸಕ್ಕೆ ಎರಡು ಕೊಡುತ್ತೇನೆ. ‘ಹತ್ತಿಕ್ಕುವ ಕ್ರಮಕ್ಕೆ ಕಂಗೆಟ್ಟ ಮದನ (3)’. ‘ಹಕ್ಕಿಯನ್ನು ಒಳಗಿಟ್ಟುಕೊಂಡ ಸ್ವರ್ಗ ದೋಣಿ ನಡೆಸುತ್ತದೆಯೇ? (3)’. ಮೊದಲನೆಯದರ ಉತ್ತರ ಈ ಬರಹದಲ್ಲೇ ಒಂದು ಕಡೆ ಬಂದುಹೋಗಿದೆ. ಎರಡನೆಯದಕ್ಕೆ ಹಕ್ಕಿಯ ಸಂಸ್ಕೃತದ ಏಕಾಕ್ಷರ ಹೆಸರು ಬೇಕು. ಅದನ್ನು ನಿಘಂಟಿನಲ್ಲಿ ನೋಡಲು ಅಡ್ಡಿಯಿಲ್ಲ. ಉತ್ತರದ ಜೊತೆ ವಿವರಣೆಯನ್ನೂ ಬರೆದು ಕಳುಹಿಸಿ. ಎರಡನೆಯ ಸುಳಿವಿನ ಅರ್ಥಭಾಗದಲ್ಲಿ ವ್ಯಾಕರಣ ತುಸು ಸಡಿಲವಾಗಿದೆ ಎಂಬುದು ನನಗೂ ಗೊತ್ತು. ಅದನ್ನು ಬಿಗಿಗೊಳಿಸುವುದು ಹೇಗೆಂದು ನಿಮಗೆ ಹೊಳೆದರೆ ಅದನ್ನೂ ಸೇರಿಸಿ.